ದಪ್ಪಗೋಡೆಯ ಹೃದಯ, ಒಂದು ಮನೆತನ: ಬ್ಯಾಡಗಿ ಸೀಮೆಯ ಪ್ರಕರಣ

ಬ್ಯಾಡಗಿ ತಾಲೂಕಿನ 44 ವರ್ಷದ ಹೆಣ್ಣುಮಗಳೊಬ್ಬರು ಹುಬ್ಬಳ್ಳಿಯ ನಮ್ಮ ಹೃದ್ರೋಗ ವಿಭಾಗಕ್ಕೆ ಬಂದಾಗ ಅವರ ಚೀಲದಲ್ಲಿ ನಾಲ್ಕು ಕಡೆಯ ಚೀಟಿಗಳಿದ್ದವು. ಮೂರು ವರ್ಷದಿಂದ ದಮ್ಮು, ಎದೆ ಡವಗುಟ್ಟುವುದು, ಆಗಾಗ ಕಣ್ಣಿಗೆ ಕತ್ತಲೆ. ಈಚೆಗೆ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದರು. ಗುರುತು ಸಿಗಬಾರದೆಂದು ಹೆಸರು, ಊರು ಬಿಟ್ಟು ಬರೆಯುತ್ತಿದ್ದೇನೆ.

ಅವರಿಗಿದ್ದದ್ದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಚಿಕ್ಕದಾಗಿ ಎಚ್‌ಸಿಎಂ. ಹೃದಯದ ಸ್ನಾಯು ಬಿ.ಪಿ. ಅಥವಾ ಕವಾಟದ ಕಾಯಿಲೆಯಂಥ ಹೊರಗಿನ ಕಾರಣವಿಲ್ಲದೆ ದಪ್ಪಗಾಗುವ, ಬಹುಪಾಲು ವಂಶದಲ್ಲಿ ಇಳಿದು ಬರುವ ಕಾಯಿಲೆ. ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟೀರ್ 1958ರಲ್ಲಿ, ದಿಢೀರನೆ ಸತ್ತ ಯುವಕರ ಹೃದಯಗಳಲ್ಲಿ ಇದನ್ನು ಗುರುತಿಸಿ ಬರೆದರು. ಐನೂರು ಜನರಲ್ಲಿ ಒಬ್ಬರಿಗೆ ಇದೆ ಎಂಬುದು ಅಮೆರಿಕದ ಅಧ್ಯಯನಗಳಿಂದ ಬಂದ ಅಂದಾಜು. ಅದೇ ಲೆಕ್ಕ ಹಿಡಿದರೆ, 2011ರ ಜನಗಣತಿಯಲ್ಲಿ ಸುಮಾರು 16 ಲಕ್ಷ ಜನರಿದ್ದ ಹಾವೇರಿ ಜಿಲ್ಲೆಯೊಂದರಲ್ಲೇ ಮೂರು ಸಾವಿರದಷ್ಟು ಮಂದಿ ಇರಬೇಕು. ಅಷ್ಟು ಜನ ಹಾವೇರಿಯಿಂದ ನಮ್ಮಲ್ಲಿಗೆ ಬಂದಿಲ್ಲ. ಉಳಿದವರು ದಮ್ಮು, ಗ್ಯಾಸು, ಚಿಂತೆ, ಬಿ.ಪಿ. ಎಂಬ ಹೆಸರುಗಳಲ್ಲಿ ಎಲ್ಲೆಲ್ಲೋ ಔಷಧಿ ನುಂಗುತ್ತಿದ್ದಾರೆ ಎಂಬುದು ನನ್ನ ಗಟ್ಟಿ ಅನುಮಾನ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುವುದಕ್ಕೆ ಅದೇ ಕಾರಣ.

ಚೀಟಿಗಳಲ್ಲಿದ್ದದ್ದು

ಸುಗ್ಗಿಯ ತಿಂಗಳುಗಳಲ್ಲಿ ಇವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ತಗಡಿನ ಶೆಡ್ಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಯಿಯ ರಾಶಿಯ ಮುಂದೆ. ಅಲ್ಲಿ ಯಾರಿಗೆ ಕೆಮ್ಮು ಬಂದರೂ ದಮ್ಮು ಹತ್ತಿದರೂ ಎಲ್ಲರ ಬಾಯಲ್ಲಿ ಬರುವುದು ಒಂದೇ ಮಾತು: ಘಾಟು. ಮೊದಲನೆಯ ವೈದ್ಯರೂ ಹಾಗೆಯೇ ತಿಳಿದು ಸಾಲ್ಬ್ಯುಟಮಾಲ್ ಇನ್‌ಹೇಲರ್ ಕೊಟ್ಟರು. ಎರಡನೆಯ ಕಡೆ ಬಿ.ಪಿ. 150/90 ಬಂತು. ಅಮ್ಲೋಡಿಪಿನ್ ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆ ಶುರುವಾಯಿತು. ಮೂರನೆಯ ಕಡೆ ಇಸಿಜಿಯಲ್ಲಿ ಟಿ ಅಲೆಗಳು ತಲೆಕೆಳಗಾಗಿದ್ದದ್ದನ್ನು ನೋಡಿ ಹಾರ್ಟ್ ಅಟ್ಯಾಕ್ ಇರಬಹುದೆಂದು ಆಂಜಿಯೋಗ್ರಾಮ್‌ಗೆ ಕಳಿಸಿದರು. ರಕ್ತನಾಳಗಳು ಸ್ವಚ್ಛವಾಗಿದ್ದವು. ನಾಲ್ಕನೆಯ ಚೀಟಿಯಲ್ಲಿ, ಎದೆ ಹಿಡಿದಾಗ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಇಡಬೇಕೆಂದು ಬರೆದಿತ್ತು.

ಏಪ್ರಿಲ್‌ನ ಒಂದು ಮಧ್ಯಾಹ್ನ, ರೊಟ್ಟಿ ಉಂಡ ಮೇಲೆ ಎದೆ ಹಿಡಿಯಿತು. ಗುಳಿಗೆ ಇಟ್ಟುಕೊಂಡು, ನೀರು ಕುಡಿಯಲು ಎದ್ದು ಬಿಂದಿಗೆಯ ಕಡೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬಿದ್ದರು.

ಆ ನಾಲ್ವರಲ್ಲಿ ಯಾರನ್ನೂ ಬೈಯಲು ನನಗೆ ಮನಸ್ಸಿಲ್ಲ. ಒಂದೊಂದೇ ಚೀಟಿಯನ್ನು ಬಿಡಿಯಾಗಿ ನೋಡಿದರೆ ಪ್ರತಿಯೊಂದರಲ್ಲೂ ತರ್ಕವಿದೆ. ನಾಲ್ಕನ್ನೂ ಮೇಜಿನ ಮೇಲೆ ಒಟ್ಟಿಗೆ ಹರಡಿದಾಗ ಮಾತ್ರ ಗಾಬರಿಯಾಗುತ್ತದೆ. ಈ ಕಾಯಿಲೆಯ ಒಂದು ಬಗೆಯಲ್ಲಿ ಎರಡು ಕೆಳಕೋಣೆಗಳ ನಡುವಿನ ಗೋಡೆ ದಪ್ಪಗಾಗಿ, ರಕ್ತ ಹೊರಹೋಗುವ ದಾರಿ ಇಕ್ಕಟ್ಟಾಗುತ್ತದೆ. ಹೃದಯ ಹಿಂಡಿದಾಗ ಮೈಟ್ರಲ್ ಕವಾಟದ ಪದರು ಆ ದಾರಿಯೊಳಕ್ಕೆ ಎಳೆದುಕೊಂಡು ಬಂದು ಇನ್ನಷ್ಟು ಅಡ್ಡ ನಿಲ್ಲುತ್ತದೆ. ಹೃದಯದಲ್ಲಿ ರಕ್ತ ಕಡಿಮೆ ತುಂಬಿದಷ್ಟೂ, ಅದು ಜೋರಾಗಿ ಹಿಂಡಿದಷ್ಟೂ, ರಕ್ತನಾಳಗಳು ಸಡಿಲಾದಷ್ಟೂ ತಡೆ ಹೆಚ್ಚುತ್ತದೆ. ಸಾಲ್ಬ್ಯುಟಮಾಲ್ ಬಡಿತದ ವೇಗ ಮತ್ತು ಜೋರನ್ನು ಹೆಚ್ಚಿಸುತ್ತದೆ. ಮೂತ್ರದ ಗುಳಿಗೆ ನೀರಿನಂಶ ಇಳಿಸುತ್ತದೆ. ಅಮ್ಲೋಡಿಪಿನ್, ಸಾರ್ಬಿಟ್ರೇಟ್ ಎರಡೂ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಇದರ ಮೇಲೆ ತಗಡಿನ ಕೆಳಗಿನ ಬೆವರು, ಹೊಟ್ಟೆ ತುಂಬ ಊಟ, ಥಟ್ಟನೆ ಎದ್ದು ನಿಂತದ್ದು. ಎಲ್ಲವೂ ಒಂದೇ ದಿಕ್ಕಿಗೆ ತಳ್ಳಿದವು.

ಕೂತು ಎದ್ದಾಗ

ಮಲಗಿಸಿ ಎದೆಗೆ ಸ್ಟೆತೋಸ್ಕೋಪ್ ಇಟ್ಟಾಗ ಕೇಳಿದ್ದು ಸಣ್ಣ ಗೊಣಗು (ಮರ್ಮರ್), ಯಾರಾದರೂ ಬಿಟ್ಟುಬಿಡಬಹುದಾದಂಥದ್ದು. ಆದರೆ ಅವರೇ ಒಂದು ಮಾತು ಹೇಳಿದರು: “ಕುಂತ್ರ ಹಗುರ ಅನಸ್ತೈತ್ರಿ ಸಾಹೇಬ್ರ, ಎದ್ದ ನಿಂತ ಕೂಡ್ಲೇ ಕತ್ತಲಿ ಬರತೈತಿ.” ಕುಕ್ಕರಗಾಲಿನಲ್ಲಿ ಕೂರಲು ಹೇಳಿದೆ. ಪಟ್ಟಣದ ರೋಗಿಗಳಿಗೆ ಇದು ಕಷ್ಟ. ಇವರು ಸೀರೆ ಸರಿಮಾಡಿಕೊಂಡು ಸಲೀಸಾಗಿ ಕೂತರು. ಗೊಣಗು ಬಹುತೇಕ ಅಡಗಿತು. ಸ್ಟೆತೋಸ್ಕೋಪ್ ತೆಗೆಯದೆ, ನರ್ಸ್ ರಟ್ಟೆ ಹಿಡಿದಿರುವಂತೆಯೇ, ಏಳಲು ಹೇಳಿದೆ. ನಾಲ್ಕೈದು ಬಡಿತದೊಳಗೆ ಅದೇ ಗೊಣಗು ಒರಟಾಗಿ ಏರಿ ಕಿವಿ ತುಂಬಿತು. ಕುಕ್ಕರಗಾಲಲ್ಲಿ ಕೂತಾಗ ಹೃದಯಕ್ಕೆ ರಕ್ತ ಹೆಚ್ಚು ಬರುತ್ತದೆ, ತಡೆ ಇಳಿಯುತ್ತದೆ. ನಿಂತಾಗ ಅದಕ್ಕೆ ತದ್ವಿರುದ್ಧ. ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಮಾಡಬಹುದು, ಮಾಡಲೇಬೇಕು.

ಎಕೋದಲ್ಲಿ ನಡುಗೋಡೆ 21 ಮಿ.ಮೀ. ಇತ್ತು. ದೊಡ್ಡವರಲ್ಲಿ ಬೇರೆ ಕಾರಣವಿಲ್ಲದೆ 15 ಮುಟ್ಟಿದರೆ ಈ ಕಾಯಿಲೆ ಎಂದು ಹಿಡಿಯುತ್ತೇವೆ. ಮನೆಯಲ್ಲಿ ಇನ್ನೊಬ್ಬರಿಗೆ ಇರುವುದು ಖಚಿತವಾಗಿದ್ದರೆ 13 ಸಾಕು. ಹೊರದಾರಿಯ ಒತ್ತಡದ ವ್ಯತ್ಯಾಸ ಸುಮ್ಮನೆ ಮಲಗಿದ್ದಾಗ 36 ಮಿ.ಮೀ. ಪಾದರಸ, ಉಸಿರು ಬಿಗಿಹಿಡಿದು ಮುಕ್ಕಿದಾಗ 88. ನಮ್ಮ ಎಕೋ ಟೆಕ್ನೀಷಿಯನ್ ಈ ಎರಡನೆಯ ಅಳತೆಯನ್ನು ಎಂದೂ ಬಿಡುವುದಿಲ್ಲ. ಮಲಗಿದ್ದಾಗಿನ ಅಂಕಿಯನ್ನಷ್ಟೇ ಬರೆದು ಕಳಿಸಿದ್ದರೆ ಇದು ಸಾಧಾರಣ ತಡೆ ಎನಿಸಿಬಿಡುತ್ತಿತ್ತು. 50 ಮುಟ್ಟಿ, ಔಷಧಿಗೂ ಜಗ್ಗದ ತೊಂದರೆ ಇದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎಡ ಮೇಲ್ಕೋಣೆ 45 ಮಿ.ಮೀ.ಗೆ ಹಿಗ್ಗಿತ್ತು. ಹೃದಯದ ಲಯವನ್ನು ಎಡೆಬಿಡದೆ ದಾಖಲಿಸುವ ಎರಡು ದಿನದ ಹೋಲ್ಟರ್‌ನಲ್ಲಿ ಅಪಾಯದ ಲಯ ಕಾಣಲಿಲ್ಲ. ಎಂಆರ್‌ಐನಲ್ಲಿ ಸ್ನಾಯುವಿನೊಳಗೆ ಸ್ವಲ್ಪ ಕಲೆಗಟ್ಟಿತ್ತು, ಬಹಳವಲ್ಲ.

ಕುಟುಂಬದ ನಕ್ಷೆ

ಈ ಪ್ರಕರಣದ ದೊಡ್ಡ ತಿರುವು ಸಿಕ್ಕಿದ್ದು ಯಂತ್ರದಲ್ಲಲ್ಲ, ನಮ್ಮ ತಂಡದ ನರ್ಸ್ ಹಿಡಿದ ಹಾಳೆಯಲ್ಲಿ. ಎಲ್ಲ ಚೀಟಿಗಳಲ್ಲೂ “ಕುಟುಂಬದಲ್ಲಿ ಹೃದ್ರೋಗ: ಇಲ್ಲ” ಎಂದಿತ್ತು. ನಾನು ಕೇಳಿದಾಗಲೂ ಅದೇ ಉತ್ತರ ಬಂತು. ನರ್ಸ್ ರೋಗಿಯ ತಾಯಿಯನ್ನು ಬೇರೆ ಕೂರಿಸಿಕೊಂಡು ಪ್ರಶ್ನೆಯನ್ನೇ ಬದಲಿಸಿದರು.

“ಹಾರ್ಟಿನ ಮಾತು ಬಿಡ್ರಿ ಅವ್ವಾರ. ನಿಮ್ಮ ಮನಿತನದಾಗ ಐವತ್ತರ ಒಳಗ ಒಮ್ಮಿಂದೊಮ್ಮೆಲೇ ಹೋದವ್ರು ಯಾರ ಅದಾರ ಹೇಳ್ರಿ.”

“ಇವ್ರಪ್ಪ ಹೊಲದಾಗ ಗಳೇ ಹೊಡಿಯೂ ಮುಂದ ಬಿದ್ದಾರ್ರೀ. ನಲವತ್ತಾರು ಇರಬೇಕು. ಹಾವು ಮುಟ್ಟೈತಿ ಅಂದ್ರು. ಮೈಮ್ಯಾಲ ಗುರ್ತ ಏನೂ ಇರಲಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಮಗಾ ರಾತ್ರಿ ಉಂಡ ಮಲಕೊಂಡಾಂವ ಏಳಲೇ ಇಲ್ಲ. ಇಪ್ಪತ್ತೊಂಬತ್ತು ವರ್ಷ ನೋಡ್ರಿ. ಹನ್ನೆರಡು ವರ್ಷ ಆತು.”

ಈಜು ಬಲ್ಲ ಚಿಕ್ಕಪ್ಪನೊಬ್ಬ ಕೆರೆಯಲ್ಲಿ ಮುಳುಗಿದ್ದೂ ಆಮೇಲೆ ಬಂತು. ಅದರ ಮುಂದೆ ನರ್ಸ್ ಪ್ರಶ್ನಾರ್ಥಕ ಹಾಕಿದರು. ಹಾಳೆ ತುಂಬುವಷ್ಟರಲ್ಲಿ ನಮ್ಮ ಮುಂದಿದ್ದದ್ದು ಒಬ್ಬ ರೋಗಿಯಲ್ಲ, ಮೂರು ತಲೆಮಾರು. ತಂದೆ ಅಥವಾ ತಾಯಿಗೆ ಈ ಜೀನ್ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ರೋಗಿಗೆ 22 ವರ್ಷದ ಮಗ, 17 ವರ್ಷದ ಮಗಳು. ತೀರಿಹೋದ ತಮ್ಮನಿಗೆ ಒಬ್ಬಳು ಮಗಳು, 19 ವರ್ಷ, ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ರಾಣೆಬೆನ್ನೂರಿಗೆ ಕೊಟ್ಟ ಅಕ್ಕ, ಆಕೆಯ ಇಬ್ಬರು ಗಂಡುಮಕ್ಕಳು ಗೋವಾದಲ್ಲಿ ಕೆಲಸಕ್ಕಿದ್ದಾರೆ.

ಒಬ್ಬ ಹೃದ್ರೋಗ ತಜ್ಞ ಎಷ್ಟೇ ಜಾಣನಾದರೂ ಇಷ್ಟನ್ನು ಒಬ್ಬನೇ ಹಿಡಿಯಲಾರ. ಎಚ್‌ಸಿಎಂ ರೋಗಿಗಳನ್ನು ಅನುಭವವುಳ್ಳ, ಹಲವು ಶಾಖೆಗಳ ತಂಡವೇ ನೋಡಿಕೊಳ್ಳಬೇಕೆಂದು ಅಮೆರಿಕದ ಹೃದ್ರೋಗ ಸಂಘಗಳು 2020ರ ಮಾರ್ಗಸೂಚಿಯಲ್ಲಿ ಒತ್ತಿ ಹೇಳಿದವು, 2024ರಲ್ಲಿ ಮತ್ತೆ ಹೇಳಿದವು. ನಮ್ಮಲ್ಲಿ ಅಂಥ ದೊಡ್ಡ ಕೇಂದ್ರವಿಲ್ಲ. ಇರುವುದು ತಿಂಗಳಿಗೊಂದು ಗುರುವಾರ. ಆ ದಿನ ಹೃದ್ರೋಗ ವೈದ್ಯರು, ಎಕೋ ಟೆಕ್ನೀಷಿಯನ್, ಶ್ವಾಸಕೋಶದ ವೈದ್ಯರು, ಔಷಧ ತಜ್ಞರು, ನರ್ಸ್, ಸಮಾಜ ಕಾರ್ಯಕರ್ತೆ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಹೃದಯದ ಲಯ ನೋಡುವ ತಜ್ಞರು, ಶಸ್ತ್ರಚಿಕಿತ್ಸಕರು, ಜೆನೆಟಿಕ್ ಕೌನ್ಸೆಲರ್ ಬೆಂಗಳೂರಿನಿಂದ ವಿಡಿಯೋದಲ್ಲಿ ಸೇರುತ್ತಾರೆ. ಇಸಿಜಿ, ಎಕೋ, ಸಮಾಲೋಚನೆ ಎಲ್ಲ ಅದೇ ದಿನ ಮುಗಿಸಿ ಸಂಜೆಯ ರೈಲಿಗೆ ಕಳಿಸುತ್ತೇವೆ. ಬ್ಯಾಡಗಿಯಿಂದ ಬರುವ ಮನೆಯವರಿಗೆ ಪ್ರತಿ ಓಡಾಟವೆಂದರೆ ಒಂದು ದಿನದ ಕೂಲಿ ಹೋದಂತೆ. ನಾಲ್ಕು ಓಡಾಟ ಹಚ್ಚಿದರೆ ಮೂರನೆಯದಕ್ಕೆ ಬರುವುದು ನಿಲ್ಲುತ್ತದೆ.

ಗುರುವಾರದ ಚರ್ಚೆ

ಮೊದಲ ಕೆಲಸ ಕೂಡಿಸುವುದಲ್ಲ, ತೆಗೆಯುವುದಾಗಿತ್ತು. ಶ್ವಾಸಕೋಶದ ವೈದ್ಯರು ಉಸಿರಿನ ಪರೀಕ್ಷೆ ಮಾಡಿ ಆಸ್ತಮಾ ಇಲ್ಲವೆಂದು ಖಚಿತಪಡಿಸಿದ ಮೇಲೆ ಇನ್‌ಹೇಲರ್ ನಿಂತಿತು. ಅಮ್ಲೋಡಿಪಿನ್, ಮೂತ್ರದ ಗುಳಿಗೆ, ಸಾರ್ಬಿಟ್ರೇಟ್ ಮೂರೂ ನಿಂತವು. ಆಸ್ತಮಾ ಇಲ್ಲವೆಂದು ಗೊತ್ತಾದದ್ದರಿಂದಲೇ ಧೈರ್ಯವಾಗಿ ಮೆಟೊಪ್ರೊಲಾಲ್ (ಬಡಿತದ ವೇಗ, ಜೋರು ಇಳಿಸುವ, ಆದರೆ ಆಸ್ತಮಾ ಇದ್ದವರ ಉಸಿರು ಬಿಗಿಸಬಹುದಾದ ಔಷಧಿ) ಶುರುಮಾಡಲು ಸಾಧ್ಯವಾಯಿತು. 25 ಮಿ.ಗ್ರಾಂನಿಂದ ಮೆಲ್ಲಗೆ ಏರಿಸಿ 150ರವರೆಗೆ ಹೋದೆವು. ಬಿ.ಪಿ.ಯೂ ಅದರಲ್ಲೇ ಹತೋಟಿಗೆ ಬಂತು. ಎರಡು ತಿಂಗಳಿಗೆ ಮುಕ್ಕಿದಾಗಿನ ಒತ್ತಡ 88ರಿಂದ 41ಕ್ಕೆ ಇಳಿದಿತ್ತು. ರೈಲು ನಿಲ್ದಾಣದ ಮೇಲ್ಸೇತುವೆಯನ್ನು ನಡುವೆ ನಿಲ್ಲದೆ ಹತ್ತಿ ಬಂದೆ ಎಂದು ಅವರೇ ಹೇಳಿದರು. ದಪ್ಪಗೋಡೆಯನ್ನು ಕೆತ್ತಿ ತೆಗೆಯುವ ಮಯೆಕ್ಟಮಿ, ಆಲ್ಕೋಹಾಲ್ ಚುಚ್ಚಿ ಆ ಭಾಗವನ್ನು ಕುಗ್ಗಿಸುವ ವಿಧಾನ, 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಾವಾಕ್ಯಾಮ್ಟೆನ್ ಎಂಬ ಔಷಧಿ, ಇವೆಲ್ಲದರ ಮಾತೂ ಬಂತು. ಸದ್ಯಕ್ಕೆ ಯಾವುದೂ ಬೇಡವೆಂದು ಶಸ್ತ್ರಚಿಕಿತ್ಸಕರೇ ಹೇಳಿದರು. ಮುಂದೆ ಮಯೆಕ್ಟಮಿ ಬೇಕಾದರೆ, ಅದನ್ನು ಪದೇ ಪದೇ ಮಾಡುವ ಕೈಗೇ ಒಪ್ಪಿಸಬೇಕು, ದೂರವಾದರೂ ಸರಿ.

ಚರ್ಚೆ ಕಾವೇರಿದ್ದು ಐಸಿಡಿ ಬಗ್ಗೆ. ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ ಕೂರಿಸುವ ಈ ಯಂತ್ರ ಹೃದಯ ಅಪಾಯದ ಲಯಕ್ಕೆ ಹೊರಳಿದರೆ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುತ್ತದೆ. ಯಾರಿಗೆ ಹಾಕಬೇಕೆಂದು ಅಂದಾಜಿಸಲು ಯುರೋಪಿನ ಹೃದ್ರೋಗ ಸಂಘ 2014ರಿಂದ ಒಂದು ಲೆಕ್ಕವನ್ನು ಶಿಫಾರಸು ಮಾಡಿದೆ. ವಯಸ್ಸು, ಗೋಡೆಯ ದಪ್ಪ, ಮೇಲ್ಕೋಣೆಯ ಅಳತೆ, ಒತ್ತಡ, ಮನೆಯಲ್ಲಿ ದಿಢೀರ್ ಸಾವು, ಹೋಲ್ಟರ್‌ನ ಲಯ, ಕಾರಣ ತಿಳಿಯದ ಮೂರ್ಛೆ, ಇಷ್ಟನ್ನು ಹಾಕಿದರೆ ಐದು ವರ್ಷದ ಅಪಾಯ ಎಷ್ಟೆಂದು ಬರುತ್ತದೆ. ಶೇ. 6 ಮತ್ತು ಮೇಲಿದ್ದರೆ ಯಂತ್ರ ಹಾಕುವುದನ್ನು ಯೋಚಿಸಬೇಕು. 4ರಿಂದ 6ರ ನಡುವೆ ಇದ್ದರೆ ಆಯಾ ರೋಗಿಯನ್ನು ನೋಡಿ ತೀರ್ಮಾನ. ಇವರ ಅಂಕಿ ಏನು? ಬಿದ್ದ ಮೂರ್ಛೆಗೆ ಸಾರ್ಬಿಟ್ರೇಟ್ ಮತ್ತು ಬಿಸಿಲೇ ಕಾರಣ ಎಂದು ಹಿಡಿದರೆ ಶೇ. 5ರ ಆಸುಪಾಸು. ಕಾರಣ ತಿಳಿಯದ ಮೂರ್ಛೆ ಎಂದು ಹಿಡಿದರೆ ಶೇ. 10. ಒಂದೇ ಪ್ರಶ್ನೆಯ ಉತ್ತರದ ಮೇಲೆ ಅಪಾಯ ಎರಡು ಪಟ್ಟಾಗುತ್ತದೆ, ಮತ್ತು ಆ ಉತ್ತರ ಯಾವ ಯಂತ್ರದಲ್ಲೂ ಇಲ್ಲ.

ಲಯ ತಜ್ಞರು ಯಂತ್ರ ಹಾಕುವ ಕಡೆ ವಾಲಿದರು. ನನಗೆ ಅರ್ಧ ಅನುಮಾನವಿತ್ತು: ಅನವಶ್ಯಕ ಶಾಕ್‌ಗಳು, ಸೋಂಕು, ಬ್ಯಾಟರಿ ಮುಗಿದಾಗಲೆಲ್ಲ ಮತ್ತೆ ಶಸ್ತ್ರಚಿಕಿತ್ಸೆ. ಆಗ ನರ್ಸ್ ಒಂದು ಸಂಗತಿ ನೆನಪಿಸಿದರು. ಎರಡು ಮೂರ್ಛೆಗಳಲ್ಲಿ ಮೊದಲನೆಯದು ಸಾರ್ಬಿಟ್ರೇಟ್ ಶುರುವಾಗುವ ಮುಂಚೆ, ಡಿಸೆಂಬರ್‌ನ ಬೆಳಿಗ್ಗೆ, ಮನೆಯಲ್ಲಿ ಕೂತಿದ್ದಾಗ ಆದದ್ದು. ಅದು ನನ್ನ ಟಿಪ್ಪಣಿಯಲ್ಲಿರಲಿಲ್ಲ, ಅವರದರಲ್ಲಿತ್ತು. ತಂಡ ಯಂತ್ರದ ಪರ ನಿಂತಿತು. ಆದರೂ ಕೊನೆಯ ಮಾತು ರೋಗಿಯದೇ. ಎರಡೂ ಅಂಕಿಗಳನ್ನು, ತೊಂದರೆಗಳನ್ನು ಬಿಡಿಸಿ ಹೇಳಿದೆವು. ಅವರು ಕೇಳಿದ್ದು ಒಂದೇ: “ನನ್ನ ತಮ್ಮನ ಎದಿಯಾಗ ಇದು ಇದ್ದಿದ್ರ ಅಂವ ಉಳಿತಿದ್ದನೇನ್ರೀ?” ಉಳಿಯುವ ಸಾಧ್ಯತೆ ಬಹಳ ಇತ್ತು ಎಂದೆ. ಮನೆಗೆ ಹೋಗಿ ಯೋಚಿಸಿ, ಮುಂದಿನ ಗುರುವಾರ ಒಪ್ಪಿಗೆ ಕೊಟ್ಟರು. ಸರ್ಕಾರಿ ಆರೋಗ್ಯ ಯೋಜನೆಯಡಿ ಮಂಜೂರಾತಿಯ ಕಾಗದಪತ್ರವನ್ನು ಸಮಾಜ ಕಾರ್ಯಕರ್ತೆ ಬೆನ್ನುಹತ್ತಿ ಮಾಡಿಸಿದರು.

ಔಷಧ ತಜ್ಞರು ಮಾಡಿಕೊಟ್ಟ ಒಂದು ಕಾರ್ಡು ಈ ಇಡೀ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಆಧಾರ್ ಕಾರ್ಡಿನಷ್ಟೇ ಅಳತೆ, ಲ್ಯಾಮಿನೇಟ್ ಮಾಡಿದ್ದು. ಮುಂದೆ ಕಾಯಿಲೆಯ ಹೆಸರು, ಹಿಂದೆ ಕೊಡಬಾರದ ಔಷಧಿಗಳು, ಬಿ.ಪಿ. ಬಿದ್ದರೆ ಮೊದಲು ಕಾಲು ಎತ್ತಿ ಸಲೈನ್ ಕೊಡಿ ಎಂಬ ಸೂಚನೆ, ನಮ್ಮ ನಂಬರ್. ಶ್ರಾವಣದ ಸೋಮವಾರ, ಬೇಡವೆಂದರೂ ನೀರೂ ಮುಟ್ಟದೆ ಉಪವಾಸ ಮಾಡಿ ತಲೆ ಸುತ್ತಿ, ಊರಿನ ಆರೋಗ್ಯ ಕೇಂದ್ರಕ್ಕೆ ಹೋದಾಗ, ಅಲ್ಲಿಯ ಯುವ ವೈದ್ಯರು ಕಾರ್ಡು ಓದಿ ಸಲೈನ್ ಹಚ್ಚಿ ನಮಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಆ ವೈದ್ಯರನ್ನು ನಾನು ಈಗ ತಂಡದವರೆಂದೇ ಎಣಿಸುತ್ತೇನೆ.

ಮಗ, ಮಗಳು, ಸೊಸೆಯಾಗಬೇಕಿದ್ದವಳು

ಮಗ ಗರಡಿ ಮನೆಯ ಹುಡುಗ. ಜಾತ್ರೆಯ ಬಯಲು ಕುಸ್ತಿಗಳಲ್ಲಿ ಹೆಸರಿದೆ. ಎಕೋದಲ್ಲಿ ಗೋಡೆ 14 ಮಿ.ಮೀ. ಸಾಮು ಮಾಡುವವರ ಹೃದಯ ಸ್ವಲ್ಪ ದಪ್ಪಗಾಗುವುದು ಸಹಜ, ಆದ್ದರಿಂದ ಈ ಅಂಕಿ ಒಂದರಿಂದಲೇ ಏನೂ ಹೇಳಲಾಗದು. ಆದರೆ ಇಸಿಜಿ ಸರಿಯಿರಲಿಲ್ಲ, ಮತ್ತು ತಾಯಿಗೆ ಕಾಯಿಲೆ ಖಚಿತವಾಗಿತ್ತು. ಈ ಹೊತ್ತಿಗೆ ತಾಯಿಯ ರಕ್ತದ ಜೆನೆಟಿಕ್ ವರದಿ ಬಂತು. ಎಂವೈಬಿಪಿಸಿ-3 ಎಂಬ ಜೀನ್‌ನಲ್ಲಿ ಪ್ರೋಟೀನನ್ನು ಅರ್ಧಕ್ಕೇ ಮೊಟಕುಗೊಳಿಸುವ ದೋಷ. ಎಲ್ಲ ರೋಗಿಗಳಲ್ಲೂ ಹೀಗೆ ಸ್ಪಷ್ಟ ಉತ್ತರ ಸಿಗುವುದಿಲ್ಲ. ಸಿಕ್ಕರೆ ಉಳಿದವರಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರೆ ಸಾಕು, ಖರ್ಚೂ ಕಡಿಮೆ. (ಇದೇ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋದ ಇನ್ನೊಂದು ವ್ಯತ್ಯಾಸ ಭಾರತ ಉಪಖಂಡದ ನೂರರಲ್ಲಿ ಸುಮಾರು ನಾಲ್ವರಲ್ಲಿದೆ ಎಂದು 2009ರಲ್ಲಿ ವರದಿಯಾಯಿತು. ಅಷ್ಟು ಸಾಮಾನ್ಯವಾದದ್ದನ್ನೇ ಹಿಡಿದು ಮನೆಯವರನ್ನು ರೋಗಿ, ನಿರೋಗಿ ಎಂದು ವಿಂಗಡಿಸುವುದು ತಪ್ಪು. ವರದಿ ಓದಲು ಕೌನ್ಸೆಲರ್ ಬೇಕೆನ್ನುವುದು ಇದಕ್ಕೇ.)

ಮಗಳಲ್ಲಿ ದೋಷ ಇರಲಿಲ್ಲ. ಅವಳು ಇನ್ನು ವರ್ಷ ವರ್ಷ ಎಕೋಗೆ ಬರಬೇಕಿಲ್ಲ. ಮಗನಲ್ಲಿ ಇತ್ತು. ಕುಸ್ತಿಯ ವಿಷಯದಲ್ಲಿ ಹಿಂದೆ ನಾವು ಕಣ್ಣುಮುಚ್ಚಿ ಬೇಡ ಎನ್ನುತ್ತಿದ್ದೆವು. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಬಿರುಸಿನ ವ್ಯಾಯಾಮ ಮಾಡುವ ಎಚ್‌ಸಿಎಂ ರೋಗಿಗಳಿಗೆ ಅಪಾಯ ಹೆಚ್ಚೇನೂ ಕಾಣಲಿಲ್ಲ. ಆದರೆ ಅವರಲ್ಲಿ ಬಹುಪಾಲು ಮಂದಿ ಅನುಭವವುಳ್ಳ ಕೇಂದ್ರಗಳ ನಿಗಾದಲ್ಲಿದ್ದವರು. ಜಾತ್ರೆಯ ಕುಸ್ತಿ ಕಣದ ಪಕ್ಕ ಹೊರಗಿನಿಂದ ಶಾಕ್ ಕೊಡುವ ಡಿಫಿಬ್ರಿಲೇಟರ್ ಇರುವುದಿಲ್ಲ. ಇದನ್ನೆಲ್ಲ ಅವನ ಮುಂದೆ, ಅವನ ಉಸ್ತಾದರನ್ನೂ ಕರೆಸಿ, ಮಾತಾಡಿದೆವು. ಸ್ಪರ್ಧೆ ಬಿಡುವುದು, ಹಗುರ ಸಾಮು ಮಾಡುವುದು, ಚಿಕ್ಕ ಹುಡುಗರಿಗೆ ಪಟ್ಟು ಹೇಳಿಕೊಡುವುದು ಎಂದು ಅವನೇ ನಿರ್ಧರಿಸಿದ. ಅಳು ನುಂಗಿಕೊಂಡು ಹೇಳಿದ. ಗರಡಿಯ ಹುಡುಗರಿಗೆಲ್ಲ ನಮ್ಮ ನರ್ಸ್ ಎದೆ ಒತ್ತುವುದನ್ನು, 108ಕ್ಕೆ ಕರೆ ಮಾಡಿ ಏನು ಹೇಳಬೇಕೆನ್ನುವುದನ್ನು ಕಲಿಸಿ ಬಂದರು.

ಎಲ್ಲಕ್ಕಿಂತ ಕಠಿಣವಾದದ್ದು ತಮ್ಮನ ಮಗಳದ್ದು. ನಮ್ಮ ಸೀಮೆಯಲ್ಲಿ ಸೋದರಮಾವನ ಮಗಳನ್ನು ತಂದುಕೊಳ್ಳುವುದು ರೂಢಿ. ಈ ಇಬ್ಬರ ಮದುವೆಯ ಮಾತು ಅವರು ಚಿಕ್ಕವರಿದ್ದಾಗಲೇ ಆಗಿತ್ತು. ಮನೆಯ ನಕ್ಷೆ ಬರೆಯುವಾಗ ನರ್ಸ್ ಸುಮ್ಮನೆ ಕೇಳಿದ್ದಕ್ಕೆ ಇದು ಹೊರಬಂತು. ಹುಡುಗನಲ್ಲಿ ದೋಷವಿದೆ. ತಂದೆಯಿಂದ ಹುಡುಗಿಗೂ ಬಂದಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಎರಡೂ ಕಡೆಯಿಂದ ದೋಷ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎಂವೈಬಿಪಿಸಿ-3ರ ಇಂಥ ಮೊಟಕು ದೋಷ ಎರಡು ಪ್ರತಿಯಲ್ಲೂ ಇದ್ದರೆ ಕೂಸು ಹುಟ್ಟಿದ ಕೆಲವೇ ತಿಂಗಳಲ್ಲಿ ತೀವ್ರ ಹೃದಯ ವೈಫಲ್ಯಕ್ಕೆ ಗುರಿಯಾಗುತ್ತದೆ. ಅಂಥ ಬಹಳ ಕೂಸುಗಳು ವರ್ಷ ತುಂಬುವುದಿಲ್ಲ.

ಹುಡುಗಿಯ ತಾಯಿ ಸಿಟ್ಟಾದರು. “ಗಂಡನ್ನ ಕಳಕೊಂಡೀನಿ. ಈಗ ಮಗಳಿಗೂ ರೋಗದಾಕಿ ಅಂತ ಹೆಸರು ಹಚ್ಚಾಕ ಬಂದೀರೇನು?” ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಹೆಣ್ಣಿನ ಮೇಲೆ ಒಂದು ಮಾತು ಬಿದ್ದರೆ ಸುತ್ತ ಹತ್ತು ಊರಿಗೆ ಮುಟ್ಟುತ್ತದೆ. ನಾವು ಒತ್ತಾಯಿಸಲಿಲ್ಲ. ಸಮಾಜ ಕಾರ್ಯಕರ್ತೆ ಆಗಾಗ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಿದ್ದರು, ಅಷ್ಟೇ. ಕೊನೆಗೆ ಹುಡುಗಿಯೇ ಗದಗಿನಿಂದ ಒಬ್ಬಳೇ ಬಂದಳು. ಪ್ರಾಯಕ್ಕೆ ಬಂದವಳು, ತನ್ನ ಒಪ್ಪಿಗೆ ತಾನೇ ಕೊಟ್ಟಳು. ಎಕೋ, ಇಸಿಜಿ ಎರಡೂ ಸರಿ ಇದ್ದವು. ಜೀನ್ ದೋಷ ಇತ್ತು.

ವರದಿಯನ್ನು ಮೊದಲು ಅವಳಿಗೊಬ್ಬಳಿಗೇ ಹೇಳಿದೆವು. ಕೌನ್ಸೆಲರ್ ಒಂದು ಗಂಟೆಗೂ ಹೆಚ್ಚು ಮಾತಾಡಿದರು. ಮದುವೆಯಾಗಿ, ನೋಂದಾಯಿತ ಜೆನೆಟಿಕ್ ಕೇಂದ್ರದಲ್ಲಿ ಗರ್ಭದಲ್ಲೇ ಪರೀಕ್ಷಿಸುವ ದಾರಿ, ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸುವ ದಾರಿ, ದತ್ತು, ಬೇರೆ ಕಡೆ ಮದುವೆ, ಎಲ್ಲವನ್ನೂ ಹೇಳಿದರು. ಯಾವುದು ಸರಿ ಎಂದು ಹೇಳಲಿಲ್ಲ. ಆಗು, ಬೇಡ ಎನ್ನುವ ಅಧಿಕಾರ ಆಸ್ಪತ್ರೆಗಿಲ್ಲ. ಅವಳು ಹುಡುಗನ ಜೊತೆ ತಾನೇ ಮಾತಾಡಿದಳು. ಇಬ್ಬರೂ ಸೇರಿ ಹಿರಿಯರ ಮುಂದೆ ಮದುವೆಯ ಮಾತನ್ನು ಕೈಬಿಡೋಣ ಎಂದರು. ಹಿರಿಯರಿಗೆ ಎಷ್ಟು ಹೇಳಬೇಕೆನ್ನುವುದನ್ನೂ ಅವರೇ ತೀರ್ಮಾನಿಸಿದರು. ಈಗ ಅವಳ ತಾಯಿ ನಮ್ಮ ನರ್ಸ್ ಜೊತೆ ಮಾತಾಡುತ್ತಾರೆ.

ಸದ್ಯದ ಸ್ಥಿತಿ

ರೋಗಿಗೆ ಯಂತ್ರ ಕೂರಿಸಿ ಹತ್ತು ತಿಂಗಳಾಯಿತು. ಒಂದೂ ಶಾಕ್ ಬಂದಿಲ್ಲ, ಮೂರ್ಛೆ ಇಲ್ಲ. ಮೇಲ್ಕೋಣೆ ಹಿಗ್ಗಿರುವುದರಿಂದ ಏಟ್ರಿಯಲ್ ಫಿಬ್ರಿಲೇಷನ್ (ಮೇಲ್ಕೋಣೆ ಲಯ ತಪ್ಪಿ ಅದುರುವುದು) ಶುರುವಾಗುತ್ತದೆಯೇ ಎಂದು ಯಂತ್ರದ ದಾಖಲೆಯಲ್ಲಿ ನೋಡುತ್ತಿದ್ದೇವೆ. ಬಂದರೆ ಈ ಕಾಯಿಲೆಯಲ್ಲಿ ಬೇರೆ ಲೆಕ್ಕ ಹಾಕದೆ ರಕ್ತ ತೆಳುವಾಗಿಸುವ ಔಷಧಿ ಶುರುಮಾಡಬೇಕು. ತೊಟ್ಟು ಬಿಡಿಸುವ ಕೆಲಸಕ್ಕೆ ಮರಳಿದ್ದಾರೆ. ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು, ಮಧ್ಯಾಹ್ನದ ಊಟವನ್ನು ಎರಡು ಪಾಲು ಮಾಡಿಕೊಂಡಿದ್ದಾರೆ. ಮಗನಿಗೆ ವರ್ಷಕ್ಕೊಮ್ಮೆ ಎಕೋ, ಹೋಲ್ಟರ್. ತಮ್ಮನ ಮಗಳಿಗೆ ಸದ್ಯ ಯಾವ ಔಷಧಿಯೂ ಬೇಕಿಲ್ಲ, ಮೂರು ವರ್ಷಕ್ಕೊಮ್ಮೆ ಬಂದರೆ ಸಾಕು, ಮದುವೆ ಗೊತ್ತಾದರೆ ಅಥವಾ ಬಸಿರಾದರೆ ಮುಂಚೆಯೇ.

ರಾಣೆಬೆನ್ನೂರಿನ ಅಕ್ಕನಿಗೆ ದೋಷವಿದೆ, ಗೋಡೆ 16 ಮಿ.ಮೀ., ತೊಂದರೆ ಏನೂ ಇಲ್ಲ. ಆಕೆಯ ಹಿರಿಮಗ ಊರ ಜಾತ್ರೆಗೆ ಬಂದಾಗ ಪರೀಕ್ಷೆ ಮಾಡಿಸಿಕೊಂಡು ಹೋದ, ಅವನಲ್ಲಿ ಇಲ್ಲ. ಕಿರಿಯವನು ಇನ್ನೂ ಬಂದಿಲ್ಲ. ದೀಪಾವಳಿಗೆ ಬರುತ್ತೇನೆಂದು ನರ್ಸ್‌ಗೆ ಫೋನಿನಲ್ಲಿ ಹೇಳಿದ್ದಾನೆ. ಆ ವಾರ ನಮ್ಮ ಗುರುವಾರ ಬರುವುದಿಲ್ಲವಾದ್ದರಿಂದ ಅವನೊಬ್ಬನಿಗಾಗಿ ಶುಕ್ರವಾರ ಬೆಳಿಗ್ಗೆ ಎಕೋ ಬರೆದಿಟ್ಟಿದ್ದೇವೆ.